ದಬ್ಬಣ ನಿಲ್ಲದ ಕೈ: ಕುತ್ತಿಗೆ ಆಪರೇಷನ್ ಮತ್ತು ಮೂಳೆ ಕೂಡಿಸುವ ಸಾಮಾನಿನ ಒಂದು ಪ್ರಕರಣ

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡುವ ಒಬ್ಬರು ಹುಬ್ಬಳ್ಳಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದರು. ವಯಸ್ಸು 56. ಹೆಸರು ಬೇಡ. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ, ಇಲ್ಲೂ ಹಾಗೆಯೇ ಬರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಕೇಳಿದ್ದೆ. "ಹೆಸರ ಒಂದ ಬಿಟ್ಟು ಏನರ ಬರಕೋರಿ" ಅಂದಿದ್ದಾರೆ.

ಕುತ್ತಿಗೆ ನೋವಿತ್ತು. ಆದರೆ ಮೂವತ್ತು ವರ್ಷ ಚೀಲ ಹೊತ್ತವರು ಅದನ್ನೆಲ್ಲ ದೊಡ್ಡದು ಮಾಡುವುದಿಲ್ಲ. ಅವರನ್ನು ಹೆದರಿಸಿದ್ದು ಬೇರೆ. "ಕೈಯಾಗ ದಬ್ಬಣ ನಿಂದ್ರವಲ್ದರಿ ಸಾಹೇಬ್ರ" ಅಂದರು. ಚೀಲದ ಬಾಯಿ ಹೊಲಿಯುವ ದಬ್ಬಣ. ಮೆಣಸಿನಕಾಯಿ ತುಂಬಿ, ಬಾಯಿ ಕೂಡಿಸಿ, ಸುತಳಿ ಎಳೆದು ಹೊಲಿಯುವ ಕೆಲಸವನ್ನು ಅವರು ಕಣ್ಣು ಮುಚ್ಚಿ ಮಾಡುತ್ತಿದ್ದರಂತೆ. ಎರಡು ತಿಂಗಳಿಂದ ದಬ್ಬಣ ಬೆರಳಿನಿಂದ ಜಾರಿ ಬೀಳುತ್ತಿತ್ತು. ಅಂಗಿ ಗುಂಡಿ ಹಾಕಲು ಅವರ ಹೆಂಡತಿ, ನನ್ನ ಬಾಯಲ್ಲಿ ಕಾಕು, ಬರಬೇಕಿತ್ತು. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದೇ ನಡೆಯುತ್ತಿದ್ದರು. "ಕುಡದವರಂಗ ಜೋಲಿ ಹೊಡೀತೇನಿ, ಕುಡದಿಲ್ಲ ಮತ್ತ" ಎಂದು ನಕ್ಕರು.

ನನ್ನ ಬಳಿ ಬರುವ ಮೊದಲು ಇನ್ನೊಂದು ಕಡೆ ಅವರ ಕುತ್ತಿಗೆಗೆ ಎಂಟು ದಿನ ಟ್ರ್ಯಾಕ್ಷನ್ ಕೊಟ್ಟಿದ್ದರು. ತೂಕ ಕಟ್ಟಿ ಜಗ್ಗುವುದು. ಬೇರೆಯವರನ್ನು ಯಾಕೆ ಬೈಯಲಿ, ಮೊದಲ ದಿನ ನಾನೂ ಶಾಖ ಕೊಟ್ಟು, ನಾಲ್ಕು ವ್ಯಾಯಾಮ ಹೇಳಿ ಕಳಿಸಿಬಿಟ್ಟೆ. ಸಂಜೆ ಜನ ಜಾಸ್ತಿ ಇದ್ದರು. ದಬ್ಬಣದ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರನೇ ದಿನ ಅವರು ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲು ತಡವರಿಸಿದ್ದನ್ನು ನೋಡಿದೆ. ವಾಪಸ್ ಕರೆದು ಕೂರಿಸಿ ಪರೀಕ್ಷೆ ಮಾಡಿದೆ. ನಡುಬೆರಳಿನ ಉಗುರನ್ನು ಮೆಲ್ಲಗೆ ಚಿಮ್ಮಿದರೆ ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. ಹಾಫ್‌ಮನ್ ಚಿಹ್ನೆ ಅನ್ನುತ್ತಾರೆ. ಆಮೇಲೆ ಹತ್ತು ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಚ್ಚುತ್ತಾರೆ ಎಂದು ಎಣಿಸಿದೆ. ಸರಿಯಿರುವ ಕೈ ಇಪ್ಪತ್ತು ಅಥವಾ ಹೆಚ್ಚು ಸಲ ಮಾಡುತ್ತದೆ. ಕಾಕಾನ ಬಲಗೈ ಹನ್ನೊಂದಕ್ಕೆ ನಿಂತಿತು. ಬಿಚ್ಚುವಾಗ ಕಿರುಬೆರಳು ಹಿಂದೆಯೇ ಉಳಿಯುತ್ತಿತ್ತು. ಇದು ಬರೀ ನರ ಒತ್ತಿದ ನೋವಲ್ಲ, ಬೆನ್ನುಹುರಿಯೇ ಒತ್ತಿಹೋಗಿದೆ ಎಂಬ ಅನುಮಾನ ಬಂತು. ಅಂಥ ಕುತ್ತಿಗೆಯನ್ನು ಜಗ್ಗುವುದು ತಪ್ಪು, ತಿರುಚುವುದು ಇನ್ನೂ ತಪ್ಪು.

ಎಂ.ಆರ್.ಐ. ಬಂತು. ಕುತ್ತಿಗೆಯ 5-6 ಮತ್ತು 6-7ನೇ ಮಣಿಗಳ ನಡುವಿನ ಡಿಸ್ಕ್ ಸವೆದು ಹಿಂದಕ್ಕೆ ಉಬ್ಬಿದ್ದವು. ಅಂಚಿನಲ್ಲಿ ಎಲುಬು ಮೊಳೆತು ಹುರಿಗೆ ಒತ್ತುತ್ತಿತ್ತು. 5-6ರ ಹತ್ತಿರ ಹುರಿಯೊಳಗೆ ಒಂದು ಬಿಳಿ ಮಚ್ಚೆ, ಹುರಿಗೆ ಪೆಟ್ಟಾದ ಗುರುತು. ಹೊರೆ ಹೊತ್ತಿದ್ದಕ್ಕೇ ಹೀಗಾಯಿತೇ ಎಂದು ಕಾಕು ಕೇಳಿದರು. ಅದೊಂದೇ ಕಾರಣ ಅಂತ ಹೇಳಲು ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರ ಕುತ್ತಿಗೆಯೂ ಈ ವಯಸ್ಸಿಗೆ, ಅದೇ ಜಾಗದಲ್ಲಿ ಸವೆಯುತ್ತದೆ.

ಸರ್ಜನ್ ಹೇಳಿದ್ದು ಮುಂದಿನಿಂದ ಮಾಡುವ ಆಪರೇಷನ್. ಗಂಟಲಿನ ಪಕ್ಕ ಸಣ್ಣ ಗಾಯ ಮಾಡಿ, ಅನ್ನನಾಳ, ಶ್ವಾಸನಾಳವನ್ನು ಒಂದು ಬದಿಗೆ ಸರಿಸಿ, ಡಿಸ್ಕ್ ತೆಗೆಯುವುದು. ಖಾಲಿಯಾದ ಜಾಗಕ್ಕೆ ಏನಾದರೂ ತುಂಬಿ ಮೇಲಿನ ಮಣಿಯನ್ನೂ ಕೆಳಗಿನ ಮಣಿಯನ್ನೂ ಒಂದೇ ಎಲುಬಾಗಿ ಬೆಸೆಯುವುದು. ಇದು ಹೊಸದೇನಲ್ಲ. ಅಮೆರಿಕದ ಸ್ಮಿತ್ ಮತ್ತು ರಾಬಿನ್ಸನ್, ಅವರ ಜೊತೆಜೊತೆಗೇ ಕ್ಲೋವರ್ಡ್, 1950ರ ದಶಕದಲ್ಲೇ ಇದನ್ನು ರೂಢಿಗೆ ತಂದರು. ಅವತ್ತು ತುಂಬುತ್ತಿದ್ದದ್ದು ರೋಗಿಯ ಸೊಂಟದ ಅಂಚಿನಿಂದ ಕತ್ತರಿಸಿದ ಎಲುಬಿನ ತುಂಡು. ಇವತ್ತು ಆ ಜಾಗಕ್ಕೆ ಹತ್ತು ಬಗೆಯ ಸಾಮಾನು ಬಂದಿವೆ. ಕಾಕಾನ ಮನೆಯಲ್ಲಿ ಜಗಳ ಶುರುವಾದದ್ದೂ ಅಲ್ಲಿಂದಲೇ.

ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮೊಬೈಲ್‌ನಲ್ಲಿ ಎಲ್ಲ ನೋಡಿಕೊಂಡು ಬಂದಿದ್ದ. "ಒಂದು ಪ್ರೋಟೀನ್ ಐತ್ರಿ ಸರ್, ಅದನ್ನ ಹಾಕಿದ್ರ ಎಲುಬು ತಾನ ಬೆಳೀತೈತಂತ. ಅಪ್ಪಗ ಅದನ್ನ ಹಾಕಸೂಣು. ರೊಕ್ಕದ ಮಾರಿ ನೋಡೂದು ಬ್ಯಾಡ." ಕಾಕಾಗೆ ಸೊಂಟದ್ದೇ ಚಿಂತೆ. "ಸೊಂಟದ್ದು ಎಲುಬು ತಗದ್ರ ನಾ ಚೀಲ ಎತ್ತೂದು ಹೆಂಗ?" ಮೂರನೆಯದು ಒಂದು ಕಂಪನಿಯ ಬಣ್ಣದ ಪಾಂಪ್ಲೆಟ್. ಅದರಲ್ಲಿ ಬಿಳಿ ಪುಡಿಯ ಚಿತ್ರ. ಸರ್ಕಾರಿ ಕಾರ್ಡಿನ ಪ್ಯಾಕೇಜ್‌ಗೆ ಆ ಪುಡಿ ಸೇರುವುದಿಲ್ಲ ಎಂದು ಕೌಂಟರ್‌ನಲ್ಲಿ ಹೇಳಿದ್ದರು. ಅದರ ಬೆಲೆಗೆ ಕಾಕಾ ಒಂದು ಸೀಸನ್ ಪೂರ್ತಿ ಚೀಲ ಹೊರಬೇಕು. ಮೂರನ್ನೂ ಹಿಡಿದುಕೊಂಡು ನನ್ನ ಕ್ಲಿನಿಕ್‌ಗೇ ಬಂದರು. ಸರ್ಜನ್ ಹತ್ತಿರ ಕೇಳಲು ಮುಜುಗರ, ನನ್ನ ಹತ್ತಿರ ಸಲುಗೆ. ನಮ್ಮ ಕಡೆ ಹೀಗೇ ಅಲ್ವಾ.

ಅವತ್ತು ನಾನು ಅವರಿಗೆ ಹೇಳಿದ್ದು ಹೀರೇಕಾಯಿ ಬಳ್ಳಿಯ ಲೆಕ್ಕ. ಬಳ್ಳಿ ಹಬ್ಬಲು ಹಂದರ ಬೇಕು. ಬೀಜ ಬೇಕು. ಮೊಳಕೆ ಏಳಲು ಹದ ಬೇಕು. ಎಲುಬು ಬೆಳೆಯುವುದಕ್ಕೂ ಈ ಮೂರೇ. ಹೊಸ ಎಲುಬು ಹಬ್ಬಲು ಒಂದು ಹಂದರ, ಎಲುಬು ಕಟ್ಟುವ ಜೀವಂತ ಕೋಶಗಳು, ಆ ಕೋಶಗಳನ್ನು ಎಬ್ಬಿಸುವ ಪ್ರೋಟೀನ್ ಸೂಚನೆ. ಸೊಂಟದಿಂದ ತೆಗೆದ ಸ್ವಂತ ಎಲುಬಿನಲ್ಲಿ ಮೂರೂ ಇರುತ್ತವೆ. ಉಳಿದ ಸಾಮಾನನ್ನೆಲ್ಲ ಇಂದಿಗೂ ಅದರ ಪಕ್ಕದಲ್ಲಿಟ್ಟು ಅಳೆಯುವುದು ಅದಕ್ಕೇ. ಆದರೆ ತೆಗೆದ ಜಾಗ ತಿಂಗಳುಗಟ್ಟಲೆ ನೋಯಬಹುದು, ತೊಡೆಯ ಹೊರಬದಿ ಜೋಮು ಹಿಡಿಯಬಹುದು. ಕಾಕಾನ ಭಯ ಸುಳ್ಳಲ್ಲ.

ಪಾಂಪ್ಲೆಟ್‌ನ ಬಿಳಿ ಪುಡಿ ಬರೀ ಹಂದರ. ಹೈಡ್ರಾಕ್ಸಿಅಪಟೈಟ್ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಎರಡು ಸುಣ್ಣದ ಲವಣಗಳ ಸಣ್ಣ ಹರಳು. ಎಲುಬಿನ ಗಟ್ಟಿ ಭಾಗವೂ ಹೆಚ್ಚುಕಡಿಮೆ ಇದೇ ಜಾತಿಯ ಲವಣ. ಎರಡನೆಯದು ಬೇಗ ಕರಗಿ ಎಲುಬಿಗೆ ಜಾಗ ಬಿಡುತ್ತದೆ, ಮೊದಲನೆಯದು ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಎರಡನ್ನೂ ಬೆರೆಸುತ್ತಾರೆ. ಕಾಯಿಲೆ ಅಂಟುವ ಭಯ ಇದರಲ್ಲಿ ಇಲ್ಲ. ಬೀಜವೂ ಇಲ್ಲ, ಹದವೂ ಇಲ್ಲ. ಒಣ ಹಂದರ ಹಾಕಿ ಬಳ್ಳಿ ಬರಲಿ ಅಂದರೆ ಬರುತ್ತದೆಯೇ?

ಇನ್ನೊಂದು, ದಾನಿಗಳ ಎಲುಬು. ನಮ್ಮ ದೇಶದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ 1988ರಿಂದ ಇಂಥ ಎಲುಬನ್ನು ಒಣಗಿಸಿ, ಗಾಮಾ ಕಿರಣ ಹಾಯಿಸಿ ಕೊಡುತ್ತಿದೆ. ಕಿರಣ ಹಾಯಿಸಿದ ಮೇಲೆ ಕೋಶ ಉಳಿಯುವುದಿಲ್ಲ, ರೋಗಾಣುವೂ ಉಳಿಯುವುದಿಲ್ಲ. ಜೀವಂತ ಕೋಶ ಇಟ್ಟುಕೊಂಡೇ ಮಾರುವ ದಾನಿ ಎಲುಬು ಅಮೆರಿಕದಲ್ಲಿ ಸಿಗುತ್ತದೆ. ಮೂರೂ ಗುಣ ಒಂದೇ ಡಬ್ಬಿಯಲ್ಲಿ ಎಂಬ ಆಸೆ. 2021ರಲ್ಲಿ ಏನಾಯಿತೆಂದರೆ, ಒಬ್ಬನೇ ದಾನಿಯಿಂದ ಮಾಡಿದ ಅಂಥ ಸಾಮಾನನ್ನು 113 ಜನರಿಗೆ ಹಾಕಿದ್ದರು, ಅವರಲ್ಲಿ ಬಹಳ ಜನರಿಗೆ ಕ್ಷಯ ಅಂಟಿತು. ದಾನಿಗೆ ಟಿ.ಬಿ. ಇದ್ದದ್ದು ಗೊತ್ತಾಗಿರಲಿಲ್ಲ. 2023ರಲ್ಲಿ ಇನ್ನೊಮ್ಮೆ ಹಾಗೆಯೇ ಆಯಿತು. ಟಿ.ಬಿ.ಯನ್ನು ಮನೆಮನೆಯಲ್ಲಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮಗ ಕೇಳಿದ ಪ್ರೋಟೀನ್. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು.

1965ರಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ಮೂಳೆ ವೈದ್ಯರು ಒಂದು ವಿಚಿತ್ರ ತೋರಿಸಿದರು. ಎಲುಬನ್ನು ಆಮ್ಲದಲ್ಲಿ ನೆನೆಸಿ ಸುಣ್ಣವನ್ನೆಲ್ಲ ಕರಗಿಸಿ, ಉಳಿದ ಮೆತ್ತನೆಯ ಭಾಗವನ್ನು ಪ್ರಾಣಿಯ ಮಾಂಸಖಂಡದೊಳಗೆ ಇಟ್ಟರು. ಎಲುಬೇ ಇಲ್ಲದ ಜಾಗದಲ್ಲಿ ಎಲುಬು ಬೆಳೆಯಿತು. ಆ ಮೆತ್ತನೆಯ ಭಾಗದಲ್ಲಿ ಕೋಶಗಳನ್ನು ಎಬ್ಬಿಸುವ ಏನೋ ಇದೆ ಎಂದಾಯಿತು. ಆ "ಏನೋ"ಗೆ ಮುಂದೆ ಬಿ.ಎಂ.ಪಿ. ಎಂಬ ಹೆಸರು ಬಂತು. ಸುಣ್ಣ ತೆಗೆದ ಎಲುಬು ಇಂದಿಗೂ ಪೇಸ್ಟ್ ರೂಪದಲ್ಲಿ ಸಿಗುತ್ತದೆ. ಅದರಲ್ಲಿ ಈ ಪ್ರೋಟೀನ್ ಇದೆ, ಆದರೆ ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ ವ್ಯತ್ಯಾಸ. ಒಂದೇ ಕಂಪನಿಯ ಎರಡು ಬ್ಯಾಚ್‌ಗೂ ವ್ಯತ್ಯಾಸ. ಮಗ ಕೇಳಿದ್ದು ಆ ಪೇಸ್ಟ್ ಅಲ್ಲ, ಲ್ಯಾಬ್‌ನಲ್ಲಿ ತಯಾರಿಸಿದ ಶುದ್ಧ ಬಿ.ಎಂ.ಪಿ.-2. ಕೊಲ್ಲಾಜೆನ್ ಸ್ಪಾಂಜಿನಲ್ಲಿ ನೆನೆಸಿ ಇಡುವಂಥದ್ದು. ಅದರ ಪ್ರಮಾಣ ಒಂದು ಮಿಲಿಲೀಟರ್‌ಗೆ 1.5 ಮಿಲಿಗ್ರಾಂ. ಕೇಳಲು ಚೂರು ಅನಿಸುತ್ತದೆ. ಎಲುಬಿನೊಳಗೆ ಸಹಜವಾಗಿ ಇರುವುದಕ್ಕೆ ಹೋಲಿಸಿದರೆ ಕೆರೆ ಕೋಡಿ ಒಡೆದ ಹಾಗೆ.

2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸೊಂಟದ ಬೆನ್ನುಮೂಳೆಗೆ, ಮುಂದಿನಿಂದ ಮಾಡುವ ಒಂದು ಬಗೆಯ ಆಪರೇಷನ್‌ಗೆ. ಎಲುಬು ಚೆನ್ನಾಗಿ ಕೂಡುತ್ತದೆ ಎಂದು ಕಂಡ ಮೇಲೆ ಸರ್ಜನ್‌ಗಳು ತಾವಾಗಿಯೇ ಕುತ್ತಿಗೆಗೂ ಬಳಸತೊಡಗಿದರು. ಎಲುಬು ಅಲ್ಲೂ ಕೂಡುತ್ತಿತ್ತು. ಆದರೆ ಈ ಪ್ರೋಟೀನ್ ಎಲುಬಿನ ಕೋಶವನ್ನಷ್ಟೇ ಎಬ್ಬಿಸಿ ಸುಮ್ನೆ ಕೂರುವುದಿಲ್ಲ, ಸುತ್ತಲಿನ ಮಾಂಸದಲ್ಲಿ ಬಾವು ತರುತ್ತದೆ. 2008ರ ಜುಲೈನಲ್ಲಿ ಎಫ್.ಡಿ.ಎ. ಎಚ್ಚರಿಕೆ ಹೊರಡಿಸಿತು. ನಾಲ್ಕು ವರ್ಷಗಳಲ್ಲಿ ಕನಿಷ್ಠ 38 ವರದಿಗಳು ಬಂದಿದ್ದವು. ಕುತ್ತಿಗೆ, ಗಂಟಲು ಊದಿ ಉಸಿರಿನ ದಾರಿ ಒತ್ತಿದ್ದು, ನುಂಗಲು ಆಗದೆ ಹೋದದ್ದು, ಗಂಟಲಿಗೆ ತೂತು ಮಾಡಿ ಉಸಿರು ಕೊಡಬೇಕಾದದ್ದು. ಇದರಲ್ಲಿ ಬಹುಪಾಲು ಆಪರೇಷನ್ ಆದ ದಿನ ಆಗಿರಲಿಲ್ಲ. ಎರಡನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಆಗಿತ್ತು.

ಆ ಹದಿನಾಲ್ಕು ದಿನದ ಲೆಕ್ಕ ನೋಡಿದಾಗ ನನಗೆ ಕಣ್ಣ ಮುಂದೆ ಬಂದದ್ದು ಕಾಕಾನ ಮನೆ. ಇಂಥ ಆಪರೇಷನ್ ಆದವರನ್ನು ಮೂರು, ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ಏಳನೇ ದಿನ ರಾತ್ರಿ ಎರಡು ಗಂಟೆಗೆ ಗಂಟಲು ಊದಿದರೆ ಅವರು ಬ್ಯಾಡಗಿಯಲ್ಲಿ ಇರುತ್ತಾರೆ. ಆಪರೇಷನ್ ಮಾಡಿದವರು ಹುಬ್ಬಳ್ಳಿಯಲ್ಲಿ. ಗಾಡಿ ಹುಡುಕಿ ಹೈವೇ ಹಿಡಿದು ಬರುವಷ್ಟರಲ್ಲಿ ಏನು ಉಳಿದಿರುತ್ತದೆ? ಊರಿನ ದೂರವನ್ನು ಪಾಂಪ್ಲೆಟ್ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಗನನ್ನು ನಾನೇ ಸರ್ಜನ್ ಹತ್ತಿರ ಕರೆದುಕೊಂಡು ಹೋದೆ. ಅವರು ಎರಡೇ ಮಾತಿನಲ್ಲಿ ಮುಗಿಸಿದರು. "ಸೊಂಟದಾಗ ಬಾವು ಬಂದ್ರ ನೋವು ಆಗತೈತಿ. ಗಂಟಲದಾಗ ಬಾವು ಬಂದ್ರ ಉಸಿರು ಹೋಗತೈತಿ. ಮುಂದಿನಿಂದ ಮಾಡೂ ಕುತ್ತಿಗಿಗೆ ನಾ ಅದನ್ನ ಹಾಕೂದಿಲ್ಲಪಾ." ಮಗ ಸುಮ್ಮನಾದ. ಹೊರಗೆ ಬಂದ ಮೇಲೆ "ವಿಡಿಯೋದಾಗ ಇದನ್ನ ಹೇಳಿದ್ದಿಲ್ಲರಿ" ಅಂದ.

ಕುತ್ತಿಗೆಗೆಂದೇ ಎಫ್.ಡಿ.ಎ. ಒಪ್ಪಿದ ಒಂದು ಸಾಮಾನೂ ಇದೆ. ಕೊಲ್ಲಾಜೆನ್‌ನ ಹದಿನೈದು ಅಮೈನೋ ಆಮ್ಲಗಳ ಒಂದು ತುಣುಕನ್ನು ಎಲುಬಿನ ಖನಿಜಕ್ಕೆ ಅಂಟಿಸಿ ಮಾಡಿದ್ದು, ಪಿ-15 ಅನ್ನುತ್ತಾರೆ. 2015ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಒಂದು ಡಿಸ್ಕಿನ ಆಪರೇಷನ್‌ಗೆ. ಕಾಕಾನದು ಎರಡು. ಆ ಮಾತು ಅಲ್ಲಿಗೇ ಬಿಟ್ಟೆವು.

ಕೊನೆಗೆ ಆದದ್ದು ಇದು. ಎರಡೂ ಜಾಗಕ್ಕೆ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಟೊಳ್ಳು ಕೇಜ್, ಮುಂದೆ ಟೈಟಾನಿಯಂ ಪ್ಲೇಟ್ ಮತ್ತು ಸ್ಕ್ರೂ. ಕೇಜ್ ಒಳಗೆ ತುಂಬಿದ್ದು ಹುರಿಗೆ ಒತ್ತುತ್ತಿದ್ದ ಕಾಕಾನ ಎಲುಬಿನ ಮೊಳಕೆಗಳೇ. ಅವನ್ನು ಸವರಿ ತೆಗೆದು, ಅಂಟಿದ ಮಾಂಸ ಬಿಡಿಸಿ, ಚೂರು ಮಾಡಿ ಇಟ್ಟರು. ಎರಡು ಕೇಜ್‌ಗೆ ಅಷ್ಟು ಸಾಲದು. ಅದಕ್ಕೆ ಸ್ವಲ್ಪ ಬಿಳಿ ಹರಳು ಬೆರೆಸಿ, ಸೊಂಟದ ಎಲುಬಿಗೆ ದಪ್ಪ ಸೂಜಿ ಚುಚ್ಚಿ ತೆಗೆದ ಮಜ್ಜೆಯಲ್ಲಿ ನೆನೆಸಿದರು. ಸೊಂಟ ಕೊಯ್ಯಲಿಲ್ಲ, ಸೂಜಿ ತೂತು ಮಾತ್ರ. ಹಂದರಕ್ಕೆ ಹರಳು, ಬೀಜಕ್ಕೆ ಮಜ್ಜೆ, ಸ್ವಂತ ಎಲುಬಿನಿಂದ ಒಂದಿಷ್ಟು ಹದ. ಹರಳಿನ ಸಣ್ಣ ಪ್ಯಾಕ್ ಒಂದೇ ಸಾಕಾದ್ದರಿಂದ ಮಗನಿಗೂ ಖರ್ಚು ಮೈಮೇಲೆ ಬರಲಿಲ್ಲ. ಎಲ್ಲ ಸರ್ಜನ್‌ಗಳೂ ಹೀಗೇ ಮಾಡುತ್ತಾರೆಂದು ತಿಳಿಯಬೇಡಿ. ಸೊಂಟದ ತುಂಡೇ ಸರಿ ಎನ್ನುವ ಅನುಭವಿಗಳು ಇಂದಿಗೂ ಇದ್ದಾರೆ, ಅವರ ಮಾತನ್ನು ತೆಗೆದುಹಾಕುವ ಹಾಗಿಲ್ಲ.

ಆಪರೇಷನ್‌ಗೆ ಮೊದಲು ಸರ್ಜನ್ ಒಂದು ಷರತ್ತು ಹಾಕಿದ್ದರು. ತಂಬಾಕು ಬಿಡಬೇಕು. ಕಾಕಾ ಸೇದುವವರಲ್ಲ. ಸಣ್ಣ ಡಬ್ಬಿಯಿಂದ ತಂಬಾಕು, ಸುಣ್ಣ ತೆಗೆದು, ಅಂಗೈಯಲ್ಲಿ ತಿಕ್ಕಿ, ತಟ್ಟಿ, ತುಟಿಯ ಹಿಂದೆ ಇಟ್ಟುಕೊಳ್ಳುವವರು. ದಿನಕ್ಕೆ ಹತ್ತು ಹನ್ನೆರಡು ಸಲ. "ಬೀಡಿ ಸೇದಿದ್ರ ಪುಪ್ಪಸಕ್ಕ ತ್ರಾಸು, ಇದು ಬಾಯಾಗ ಇರತೈತಿ, ಕುತ್ತಿಗಿಗೆ ಏನ ಮಾಡತೈತಿ?" ಪ್ರಶ್ನೆ ಸರಿಯಾಗಿಯೇ ಇದೆ. ಎಲುಬು ಕೂಡುವ ವಿಷಯದ ಅಧ್ಯಯನಗಳು ಹೆಚ್ಚಾಗಿ ನಡೆದದ್ದು ಸೇದುವವರ ಮೇಲೆಯೇ. ಆದರೆ ನಿಕೋಟಿನ್ ತುಟಿಯಿಂದಲೂ ರಕ್ತಕ್ಕೆ ಇಳಿಯುತ್ತದೆ. ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಎಲುಬು ಕಟ್ಟುವ ಕೋಶಗಳ ಕೆಲಸ ಕೆಡಿಸುತ್ತದೆ. ಹೊಸ ಎಲುಬಿಗೆ ಮೊದಲು ಬೇಕಾದದ್ದು ಹೊಸ ರಕ್ತನಾಳ. ಕಾಕಾ ಡಬ್ಬಿಯನ್ನು ನನ್ನ ಟೇಬಲ್ ಮೇಲೆ ಇಟ್ಟು ಹೋದರು. ಸ್ಟೀಲಿನದು, ಮುಚ್ಚಳದ ಮೇಲೆ ಸಣ್ಣ ಕನ್ನಡಿ. ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಆಪರೇಷನ್ ಚೆನ್ನಾಗಿ ಆಯಿತು. ಒಂದು ವಾರ ರೊಟ್ಟಿ ನುಂಗಲು ಆಗಲಿಲ್ಲ, ಗಂಜಿ ಮತ್ತು ಹಾಲನ್ನದಲ್ಲಿ ಕಳೆದರು. ಮುಂದಿನಿಂದ ಮಾಡಿದವರಿಗೆ ಇಷ್ಟು ತೊಂದರೆ ಬಹಳ ಸಲ ಇರುತ್ತದೆ, ಯಾವ ಪ್ರೋಟೀನ್ ಹಾಕದಿದ್ದರೂ. ಆರು ವಾರ ಕಾಲರ್. ಆಮೇಲೆ ನನ್ನ ಕೆಲಸ. ನಡಿಗೆ ಮೊದಲು ಸುಧಾರಿಸಿತು, ಕೈ ನಿಧಾನ. ಮುಷ್ಟಿ ಲೆಕ್ಕ ಮೂರು ತಿಂಗಳಿಗೆ ಹದಿನೈದಕ್ಕೆ ಬಂತು. ಹುರಿಗೆ ಆದ ಪೆಟ್ಟು ಪೂರ್ತಿ ವಾಪಸ್ ಬರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಇನ್ನೂ ಕೆಡದಂತೆ ತಡೆಯುವುದೇ ಈ ಆಪರೇಷನ್‌ನ ಮೊದಲ ಉದ್ದೇಶ. ಸಿಕ್ಕಿದ್ದೆಲ್ಲ ಲಾಭ.

ಮೂರು ತಿಂಗಳ ಎಕ್ಸ್‌ರೇಯಲ್ಲಿ ಮೇಲಿನ ಕೇಜ್ ಚೆನ್ನಾಗಿ ಕೂತಿತ್ತು. ಕೆಳಗಿನ ಕೇಜ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ, ಅಂದರೆ ಅಲ್ಲಿ ಎಲುಬು ಇನ್ನೂ ಕೂಡಿರಲಿಲ್ಲ. ಮೂರು ತಿಂಗಳಿಗೆ ಅದು ದೊಡ್ಡ ವಿಷಯವಲ್ಲ. ಆರನೇ ತಿಂಗಳು ಕುತ್ತಿಗೆ ಬಗ್ಗಿಸಿ ಒಂದು, ಹಿಂದಕ್ಕೆ ಚಾಚಿ ಒಂದು ಎಕ್ಸ್‌ರೇ ತೆಗೆಸಿದರು. ಹಿಂಬದಿಯ ಮುಳ್ಳೆಲುಬುಗಳ ನಡುವಿನ ಅಂತರ ಎರಡೂ ಚಿತ್ರದಲ್ಲಿ ಅಳೆದು ನೋಡುತ್ತಾರೆ. ವ್ಯತ್ಯಾಸ ಒಂದು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಕೂಡಿದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಮೇಲಿನದು ಅಲುಗಲಿಲ್ಲ. ಕೆಳಗಿನದು ಎರಡು ಮಿಲಿಮೀಟರ್‌ಗಿಂತ ಜಾಸ್ತಿ ಅಲುಗಿತು.

ಕಾಕು ಆಗ ಬಾಯಿ ಬಿಟ್ಟರು. "ಎರಡನೇ ತಿಂಗಳದಾಗ ಶುರು ಮಾಡ್ಯಾರ್ರಿ. ಡಬ್ಬಿ ನಿಮ್ಮ ಹಂತ್ಯಾಕ ಐತಿ, ಈಗ ಪುಡಿಕಿ ತರತಾರ." ಕಾಕಾ ನೆಲ ನೋಡುತ್ತಾ ಕೂತರು. ಅವರಿಗೆ ಬೈಯುವ ಮನಸ್ಸು ನನಗೆ ಬರಲಿಲ್ಲ. ಕೆಲಸವಿಲ್ಲದೆ, ಕಾಲರ್ ಹಾಕಿಕೊಂಡು, ದಿನವಿಡೀ ಕಟ್ಟೆ ಮೇಲೆ ಕೂತ ಮನುಷ್ಯ. ತಂಬಾಕು ಬಿಡಿ ಎಂದು ಹೇಳಿದ ನಾವು, ಬಿಟ್ಟ ಮೇಲೆ ಹೇಗಿರುವುದು ಎಂದು ಒಂದು ದಿನವೂ ಕೇಳಿರಲಿಲ್ಲ.

ಒಂದು ವರ್ಷಕ್ಕೆ ಸಿ.ಟಿ. ಮಾಡಿಸಿದರು. ಪರದೆಯ ಮೇಲೆ 5-6ರಲ್ಲಿ ಕೇಜ್ ನಡುವಿನಿಂದ ಎಲುಬು ಸೇತುವೆ ಕಟ್ಟಿತ್ತು, ಮೇಲಿನ ಮಣಿ ಎಲ್ಲಿ ಮುಗಿಯಿತು ಎಂದು ಹೇಳಲಾಗದಷ್ಟು. 6-7ರಲ್ಲಿ ಮೇಲಿನಿಂದ ಅರ್ಧ ಇಳಿದಿತ್ತು, ಕೆಳಗಿನಿಂದ ಅರ್ಧ ಏರಿತ್ತು. ನಡುವೆ ಗೆರೆ ಹಾಗೇ ಇತ್ತು.

ನಾನು ಈ ಪ್ರಕರಣವನ್ನು ಬರೆಯಲು ಕೂತದ್ದೇ ಆ ಚಿತ್ರಕ್ಕಾಗಿ. ಒಂದೇ ಮನುಷ್ಯ. ಒಂದೇ ದಿನ, ಒಂದೇ ಸರ್ಜನ್. ಒಂದೇ ಬಟ್ಟಲಿನಲ್ಲಿ ಕಲಸಿದ ಎಲುಬು, ಹರಳು, ಮಜ್ಜೆ. ಅದೇ ತಂಬಾಕು ಎರಡಕ್ಕೂ. ಮೇಲಿನದು ಕೂಡಿತು, ಕೆಳಗಿನದು ಕೂಡಲಿಲ್ಲ. ಸಾಮಾನೇ ಎಲ್ಲವನ್ನೂ ನಿರ್ಧರಿಸುವುದಾದರೆ ಹೀಗೆ ಆಗಬಾರದಿತ್ತು. ಎರಡು, ಮೂರು ಜಾಗ ಬೆಸೆದವರಲ್ಲಿ ಕೈಕೊಡುವುದು ಹೆಚ್ಚಾಗಿ ಕೆಳಗಿನ ಕೊನೆಯದೇ ಎಂದು ಸರ್ಜನ್ ಹೇಳಿದರು. ಅಲ್ಲಿ ಭಾರ ಹೆಚ್ಚು, ಅಲುಗಾಟ ಹೆಚ್ಚು. ರಕ್ತ ಸಾಲದ ಕಡೆ ಅಲುಗಾಟವೂ ಸೇರಿದರೆ ಎಲುಬಿನ ಬದಲು ನಾರು ಬೆಳೆಯುತ್ತದೆ. ಮೂರು ತಿಂಗಳು ಪ್ರೋಟೀನ್, ಪುಡಿ, ಪೇಸ್ಟ್ ಎಂದು ಚರ್ಚೆ ಮಾಡಿದ ನಾವು ತಂಬಾಕಿನ ಪುಡಿಕಿಯ ಬಗ್ಗೆ ಮಾತಾಡಿದ್ದು ಹತ್ತು ನಿಮಿಷ. ಬಿ.ಎಂ.ಪಿ. ಹಾಕಿದ್ದರೆ ಕೆಳಗಿನದೂ ಕೂಡುತ್ತಿತ್ತೇನೋ ಎಂದು ಮಗ ಒಮ್ಮೆ ಕೇಳಿದ. ಕೂಡುತ್ತಿತ್ತೇನೋ. ಅದನ್ನು ಅಲ್ಲಗಳೆಯಲಾರೆ. ಏಳನೇ ದಿನದ ರಾತ್ರಿಯನ್ನು ಅದರ ಪಕ್ಕದಲ್ಲಿಟ್ಟು ನೋಡು ಅಂದೆ.

ಮತ್ತೆ ಆಪರೇಷನ್ ಬೇಕೇ? ಸದ್ಯಕ್ಕೆ ಬೇಡ ಎಂದಾಯಿತು. ಕೂಡದೆ ಉಳಿದ ಜಾಗವೆಲ್ಲ ನೋಯುವುದಿಲ್ಲ. ಕಾಕಾಗೆ ಕುತ್ತಿಗೆ ನೋವಿಲ್ಲ, ಸ್ಕ್ರೂ ಸಡಿಲವಾಗಿಲ್ಲ, ಹುರಿಯ ಮೇಲಿನ ಒತ್ತಡ ಹೋಗಿದೆ. ಒಂದು ವರ್ಷದ ನಂತರ ನಿಧಾನವಾಗಿ ಕೂಡಿದ ಉದಾಹರಣೆಗಳೂ ಇವೆ. ಮುಂದೆ ನೋವು ಬಂದರೆ, ಸ್ಕ್ರೂ ಸರಿದರೆ, ಹಿಂದಿನಿಂದ ಬೆಸೆಯುವ ದಾರಿ ಇದ್ದೇ ಇದೆ.

ಚೀಲ ಹೊರುವುದು ನಿಂತಿದೆ. ಅದಕ್ಕೆ ಅವರು ಒಪ್ಪಲು ಆಪರೇಷನ್‌ಗಿಂತ ಹೆಚ್ಚು ದಿನ ಬೇಕಾಯಿತು. ಈಗ ಅದೇ ಮಾರ್ಕೆಟ್‌ನಲ್ಲಿ ಒಬ್ಬ ದಲಾಲರ ಅಂಗಡಿಯಲ್ಲಿ ತೂಕ ಬರೆಯುತ್ತಾರೆ, ಚೀಲದ ಬಾಯಿ ಹೊಲಿಯುತ್ತಾರೆ. ಕಳೆದ ಸಲ ಬಂದಾಗ ಮುಷ್ಟಿ ಲೆಕ್ಕ ಹತ್ತೊಂಬತ್ತು. ಇನ್ನೊಮ್ಮೆ ಮಾಡ್ತೇನಿ ಎಂದು ಹಟ ಹಿಡಿದರು, ಮತ್ತೆ ಹತ್ತೊಂಬತ್ತೇ. ಜೇಬಿನಿಂದ ದಬ್ಬಣ ತೆಗೆದು, ಬೆರಳ ಸಂದಿಯಲ್ಲಿ ತಿರುಗಿಸಿ ತೋರಿಸಿದರು. ಜಾರಲಿಲ್ಲ. ಇನ್ನೊಂದು ಜೇಬನ್ನು ನಾನು ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು.

"ವಾರಕ್ಕ ಎರಡ ಸಲಾರಿ, ಸುಳ್ಳ ಹೇಳೂದಿಲ್ಲ" ಅಂದರು. ಮುಂದಿನ ಸಿ.ಟಿ. ಆರು ತಿಂಗಳಿಗೆ.